ಇಂಟರ್ವಲ್ ನಂತರದ ಗೂಢಚಾರ

ಆ ನಟ ಗೂಢಚಾರನಾಗಿ ನಟಿಸಿದ್ದು ಮೂರೇ ಚಿತ್ರಗಳಲ್ಲಿ. ಅದಕ್ಕೆ ಮೊದಲು ಆತ ನಾಯಕನ ಗೆಳೆಯನಾಗಿ ಸೈಕಲ್ ಹೊಡೆಯುತ್ತಿದ್ದ. ಆಮೇಲೆ ಬಹಳ ಬೇಗ ಅಪ್ಪನ ಪಾತ್ರಗಳಿಗೆ ಇಳಿದು, ಮಗಳ ಮದುವೆಯ ದಿನ ಕಂಬ ಹಿಡಿದು ಅಳುವುದರಲ್ಲಿ ಹೆಸರು ಮಾಡಿದ. ನಡುವಿನ ಕೆಲವೇ ವರ್ಷ ಕರಿ ಕನ್ನಡಕ, ಬಿಳಿ ಬೂಟು, ಬಿಗಿ ಪ್ಯಾಂಟು ಹಾಕಿಕೊಂಡು ದೇಶ ಕಾಯ್ದ. ಯಾಕೆ ಶುರುಮಾಡಿದ, ಯಾಕೆ ನಿಲ್ಲಿಸಿದ ಎಂದು ಯಾರೂ ಬರೆದಂತಿಲ್ಲ. ಅದರಲ್ಲಿ ಏನೋ ಇದೆ ಎಂದು ನನಗೆ ಅನುಮಾನ. ಹಾಗೆ ನೋಡಿದರೆ ನನಗೆ ಅನುಮಾನ ಬಾರದ ವಸ್ತು ಕಡಿಮೆ. ಪಕ್ಕದ ಮನೆಯವರು ಕರೆಯದೆ ಬಂದು ಹಲಸಿನ ಹಪ್ಪಳ ಕೊಟ್ಟರೆ ಮೊದಲು ಕಟ್ಟು ಬಿಚ್ಚಿ ಎಣಿಸುವುದಿಲ್ಲ, ಕೊಟ್ಟವರ ಮುಖ ನೋಡುತ್ತೇನೆ. ಈ ಬುದ್ಧಿ ನನಗೆ ಬಂದದ್ದು ಸೋದರಮಾವನಿಂದ. ಮಾವನಿಗೆ ಬಂದದ್ದು ಆ ಮೂರು ಚಿತ್ರಗಳಿಂದ ಎಂದು ನಾನು ಬಹಳ ಕಾಲ ನಂಬಿದ್ದೆ.

ಮಾವ ಸಿದ್ದಾಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರು. ಮದುವೆಯಾಗಿರಲಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಶಿರಸಿಗೆ, ನಮ್ಮ ಮನೆಗೆ ಬರುತ್ತಿದ್ದ. ಊಟ ಮಾಡಿ, ಆಯಿಯ, ಅಂದರೆ ನನ್ನ ಅಮ್ಮನ, ಹತ್ತಿರ ಜಗಳ ಮಾಡಿ, ನನ್ನನ್ನು ಕರೆದುಕೊಂಡು ಮ್ಯಾಟಿನಿಗೆ ಹೋಗುತ್ತಿದ್ದ. ನಾನಾಗ ಡಿಗ್ರಿ ಮುಗಿಸಿ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ತೊಂಬತ್ತರ ದಶಕ. ಆ ಚಿತ್ರಗಳು ಹಳಸಿ ಎಷ್ಟೋ ವರ್ಷವಾಗಿತ್ತು. ಆದರೆ ಹೊಸ ಚಿತ್ರದ ಡಬ್ಬಿ ಬಾರದ ವಾರ ಟಾಕೀಸಿನವರು ಇಂಥ ಹಳೆಯದನ್ನು ಹಾಕುತ್ತಿದ್ದರು. ಅದೇ ಡಬ್ಬಿ ಮುಂದೆ ಸಿದ್ದಾಪುರಕ್ಕೆ, ಯಲ್ಲಾಪುರಕ್ಕೆ ಹೋಗುತ್ತಿತ್ತು. ಒಂದೊಂದು ಊರಿನಲ್ಲೂ ರೀಲು ಒಂದಿಷ್ಟು ಹರಿಯುತ್ತಿತ್ತು, ಒಂದಿಷ್ಟು ಅಂಟಿಸಿಕೊಳ್ಳುತ್ತಿತ್ತು. ಶಿರಸಿಯಲ್ಲಿ ಇದ್ದ ಗುಹೆಯೊಳಗಿನ ಕುಣಿತ ಯಲ್ಲಾಪುರ ಮುಟ್ಟುವಷ್ಟರಲ್ಲಿ ಮಾಯವಾಗಿರುತ್ತಿತ್ತಂತೆ. ಅದನ್ನು ಕತ್ತರಿಸಿ ಯಾರು ಮನೆಗೆ ಒಯ್ದರು ಎನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಮೂರರಲ್ಲಿ ಮೊದಲನೆಯದೇ ಒಳ್ಳೆಯದು ಎಂದು ಮಾವನ ತೀರ್ಪು. ಅದರಲ್ಲಿ ಅಣೆಕಟ್ಟೆಯ ನಕ್ಷೆ ಕಳವಾಗುತ್ತದೆ. ಗೂಢಚಾರ ಇಂಜಿನಿಯರನನ್ನು, ಇಂಜಿನಿಯರನ ಹೆಂಡತಿಯನ್ನು, ಅಡುಗೆಯವನನ್ನು, ಕೊನೆಗೆ ಮನೆಯ ನಾಯಿಯನ್ನೂ ಅನುಮಾನಿಸುತ್ತಾನೆ. ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರ ಕಾಲು ನೋಡುತ್ತಾನೆ. ಮಳೆಯಲ್ಲಿ ನಡೆದು ಬಂದೆ ಎಂದವನ ಚಪ್ಪಲಿ ಒಣಗಿರುತ್ತದೆ, ಅವನೇ ಕಳ್ಳ. ಆ ದೃಶ್ಯ ಬಂದಾಗಲೆಲ್ಲ ಮಾವ ಕುರ್ಚಿಯ ಕೈ ತಟ್ಟಿ, "ನೋಡಿದ್ಯಾ ತಂಗಿ, ಬಾಯಿ ಸುಳ್ಳು ಹೇಳ್ತು, ಚಪ್ಪಲಿ ಹೇಳ್ತಿಲ್ಲೆ," ಎನ್ನುತ್ತಿದ್ದ. ಮನೆಯ ಹುಡುಗಿಯರೆಲ್ಲ ಅವನ ಬಾಯಲ್ಲಿ ತಂಗಿಯರೇ. ಹಿಂದಿನ ಸಾಲಿನವರು ಸುಮ್ಮನಿರಿ ಎಂದರೆ ತಿರುಗಿ ಅವರ ಕಾಲು ನೋಡುತ್ತಿದ್ದ.

ಎರಡನೆಯದರಲ್ಲಿ ನಟನ ತಲೆಗೆ ವಿಗ್ಗು ಬಂದಿದೆ. ಕಥೆ ಸಡಿಲ. ಗೂಢಚಾರ ಹಳೆಯ ಗೆಳೆಯನನ್ನು ನಂಬುತ್ತಾನೆ. ನಂಬಿದ ತಪ್ಪಿಗೆ ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಕೆರೆಗೆ ಬೀಳುತ್ತಾನೆ. ಕೆರೆಯಿಂದ ಎದ್ದು ಬಂದಾಗಲೂ ಕ್ರಾಪು ಕದಲುವುದಿಲ್ಲ. ನನಗೆ ನಗು, ಮಾವನಿಗೆ ಕೆರೆಯ ಚಿಂತೆ. ಅದು ಗುಡ್ನಾಪುರದ ಕೆರೆಯೇ ಎಂದು ಹಟ ಹಿಡಿದ. ಒಂದು ಭಾನುವಾರ ಮ್ಯಾಟಿನಿ ಬಿಟ್ಟು ನನ್ನನ್ನು ಬನವಾಸಿಯ ಬಸ್ಸಿಗೆ ಹತ್ತಿಸಿ ಅಲ್ಲಿಗೆ ಕರೆದೊಯ್ದ. ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಹೆಂಗಸನ್ನು ವಿಚಾರಿಸಿದ. "ಇಲ್ರೀ, ಸಿನಿಮಾದವ್ರು ಯಾರೂ ಬಂದಿಲ್ರಿ. ಬಂದಿದ್ರ ನಾನೂ ನೋಡ್ತಿದ್ನಲ್ರಿ," ಎಂದು ಆಕೆ ನಕ್ಕಳು. ಬರುವಾಗ ದಾರಿಯುದ್ದಕ್ಕೂ ಮಾವನ ಯೋಚನೆ ಒಂದೇ, ಹಾಗೆ ಹೇಳಬೇಕೆಂದು ಆಕೆಗೆ ಯಾರು ಹೇಳಿಕೊಟ್ಟಿರಬಹುದು ಎಂದು.

ಮೂರನೆಯದನ್ನು ಹೋಲಿಸುವುದು ಕಷ್ಟ. ನಾನು ಅದನ್ನು ಎಷ್ಟು ಸಲ ನೋಡಿದ್ದೆನೋ ಅಷ್ಟೂ ಸಲ ಅರ್ಧವೇ ನೋಡಿದ್ದೆ. ಅದರಲ್ಲಿ ನಟನಿಗೆ ವಿಗ್ಗೂ ಇಲ್ಲ, ಹಣೆ ಅಗಲವಾಗಿದೆ, ಬೂಟು ಮಾಸಿದೆ. ಶತ್ರುಗಳ ಹೋಟೆಲಿನ ಹಿಂಬಾಗಿಲಿನಿಂದ ಗೂಢಚಾರ ಹೊರಗೆ ಬರುತ್ತಾನೆ. ರಸ್ತೆಯಾಚೆ ಕಾರಿನಲ್ಲಿ ಕೂತ ಮೇಲಧಿಕಾರಿ ಅದನ್ನು ನೋಡುತ್ತಾನೆ. ಡಂಯ್ ಎಂದು ಸದ್ದಾಗಿ ಇಂಟರ್ವಲ್. ದೀಪ ಹತ್ತುವ ಮೊದಲೇ ಮಾವ ಎದ್ದಿರುತ್ತಿದ್ದ. "ಅಂವ ಕೆಟ್ಟ. ಇನ್ನೆಂತ ನೋಡುದು? ನಡಿ." ಹೊರಗೆ ಬಂದು ಎಲ್ಲಿಗೂ ಹೋಗುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸಿದ್ದಾಪುರದ ಬಸ್ಸು ಬರುವವರೆಗೆ ಸುಮ್ಮನೆ ಕೂರುತ್ತಿದ್ದ. ಎರಡನೆಯದರ ಗೋಣಿಚೀಲವನ್ನೇ ಕೊನೆಯವರೆಗೆ ಸಹಿಸಿದ ಮನುಷ್ಯ ಇದನ್ನು ಯಾಕೆ ಬಿಟ್ಟು ಏಳುತ್ತಾನೆ ಎಂದು ನನಗೆ ಸಂಶಯ ಬಂದಿತ್ತು. ಯಾರನ್ನೋ ಭೇಟಿಯಾಗಲಿಕ್ಕಿದೆ ಎಂದು ಬೆಂಚಿನ ಸುತ್ತ ಕಣ್ಣಿಟ್ಟೆ. ಶೇಂಗಾ ಮಾರುವವನ ಹೊರತು ಯಾರೂ ಬರಲಿಲ್ಲ. ಹೀಗಾಗಿ ನಾಯಕನೇ ದೇಶದ್ರೋಹಿಯಾಗುವ ಚಿತ್ರವೊಂದಿದೆ ಎಂದು ನಾನು ಶಾಲೆಯ ಟೀಚರ್‌ಗಳ ಹತ್ತಿರ ಬಹಳ ಧೈರ್ಯದಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಮಾವನ ನಿಜವಾದ ಗೂಢಚಾರಿಕೆ ಬೇರೆಯೇ ಇತ್ತು. ನಮ್ಮ ಕಡೆ ಹುಡುಗಿಗೆ ಸಂಬಂಧ ಬಂದರೆ ಜಾತಕಕ್ಕಿಂತ ಮೊದಲು ವಿಚಾರಣೆ ಆಗಬೇಕು. ಹುಡುಗನ ಊರಿಗೆ ಒಬ್ಬರು ಹೋಗಬೇಕು, ಆದರೆ ಹುಡುಗನ ಮನೆಗಲ್ಲ. ಆಚೆಮನೆಗೆ ಬೇರೆ ಏನೋ ನೆಪದಲ್ಲಿ ಹೋಗಿ, ಜಗಲಿಯಲ್ಲಿ ಕೂತು, ಬೆಲ್ಲ ಕಡಿದು ನೀರು ಕುಡಿದು, ಮಾತು ಎಲ್ಲೆಲ್ಲೋ ತಿರುಗಿಸಿ ಕೊನೆಗೆ ಅಲ್ಲಿಗೆ ತರಬೇಕು. ಆಚೆಮನೆಯವರೂ ನೇರ ಹೇಳುವುದಿಲ್ಲ. "ಅಡ್ಡಿಲ್ಲೆ" ಎಂದರೆ ಹುಡುಗ ಚಿನ್ನ. "ಯಂಗಕ್ಕೆ ಹೋಗಿ ಬಂದು ಬಳಕೆ ಕಮ್ಮಿ", ನಮಗೆ ಅವರಲ್ಲಿ ಹೋಗಿಬರುವುದು ಕಡಿಮೆ, ಎಂದರೆ ಅಲ್ಲಿಗೆ ಮುಗಿಯಿತು, ಬಸ್ಸು ಹತ್ತುವುದೇ. ನೆಂಟರಿಷ್ಟರ ಎಲ್ಲ ಹುಡುಗಿಯರಿಗೂ ಈ ಕೆಲಸಕ್ಕೆ ಮಾವನನ್ನೇ ಕಳಿಸುತ್ತಿದ್ದರು. ಅವನ ನೆಪ ಒಂದೇ, ಉಪ್ಪಿನಕಾಯಿಗೆ ಅಪ್ಪೆಮಿಡಿ ಸಿಗುತ್ತದೆಯೋ ಎಂದು ಕೇಳುವುದು. ಸಂಬಂಧಗಳು ಬರುವುದು ದೀಪಾವಳಿಯ ನಂತರ, ಆಗ ಮಾವಿನ ಮರದಲ್ಲಿ ಹೂವೂ ಇರುವುದಿಲ್ಲ. ಅಕಾಲದಲ್ಲಿ ಮಿಡಿ ಕೇಳಿಕೊಂಡು ಬಂದ ಬಿಳಿ ಅಂಗಿಯ ಮಾಸ್ತರರು ಯಾರು ಎಂದು ಮೂರು ತಾಲೂಕಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಮಾವನಿಗೆ ಮಾತ್ರ. ಜನ ಪಾಪ, ಮಿಡಿ ಈ ವರ್ಷ ಕಡಿಮೆ ಎಂದು ಗಂಭೀರವಾಗಿ ಹೇಳಿ ಕಳಿಸುತ್ತಿದ್ದರು.

ಮಾವ ಹೋದಲ್ಲೆಲ್ಲ ಏನಾದರೊಂದು ಹುಳುಕು ಹಿಡಿದೇ ಬರುತ್ತಿದ್ದ. ಒಬ್ಬ ಹುಡುಗನ ಮನೆಯ ಜಗಲಿಯಲ್ಲಿ ಹೆಂಗಸರ ಚಪ್ಪಲಿ ಹೆಚ್ಚಿದ್ದವು. ಇನ್ನೊಬ್ಬ ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಬೇಕೆಂದ. ನನ್ನ ಇಬ್ಬರು ಅಕ್ಕತಂಗಿಯರ, ಅಂದರೆ ದೊಡ್ಡಪ್ಪನ ಮಕ್ಕಳ, ಒಳ್ಳೊಳ್ಳೆಯ ಸಂಬಂಧಗಳು ಹೀಗೆ ಕೈತಪ್ಪಿದ್ದವು. ಆಗ ನಾನು ನಗುತ್ತಿದ್ದೆ. ಬೇರೆಯವರ ಮನೆಯ ದೋಸೆಯ ತೂತು ಎಣಿಸುವುದು ಸುಲಭ.

ಆಮೇಲೆ ನನಗೇ ಬಂತು. ಯಲ್ಲಾಪುರದ ಸಂಬಂಧ. ಹುಡುಗ ಪೇಟೆಯಲ್ಲಿ ಟಿವಿ, ರೇಡಿಯೋ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಡಿಶ್ ಅಂಟೆನಾ ಆಗಷ್ಟೇ ಬರುತ್ತಿದ್ದ ಕಾಲ. ಹುಡುಗ ನನ್ನನ್ನು ನೋಡಲು ಬಂದ ದಿನ ಸಿಹಿ ತೊಡದೇವಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅವರು ನಮ್ಮ ಟಿವಿಯನ್ನು ನೋಡುತ್ತಿದ್ದರು. ಅದರಲ್ಲಿ ಯಾವಾಗಲೂ ಎರಡೆರಡು ವಾರ್ತೆಯವರು ಕಾಣುತ್ತಿದ್ದರು. ಕೊನೆಗೆ ತಡೆಯಲಾಗದೆ ಎದ್ದು ಹಿತ್ತಿಲಿನ ಅಂಟೆನಾ ಕಂಬ ತಿರುಗಿಸಲು ಹೋದರು. "ಚಿತ್ರ ಬಂತಾ ಹೇಳಿ ಕೂಗು" ಎಂದು ಅಪ್ಪಯ್ಯ ನನ್ನನ್ನೇ ಹಿತ್ತಿಲ ಬಾಗಿಲಲ್ಲಿ ನಿಲ್ಲಿಸಿದರು. ಕಂಬ ಹಿಡಿದುಕೊಂಡೇ ಅವರು ಕೇಳಿದರು, "ನಿಂಗೆ ಒಪ್ಪಿಗೆ ಇದ್ದಾ? ಮನೆಯವರದ್ದಲ್ಲ, ನಿಂದು."

ಅಂಥ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಬಾಯಿಗೆ ಬಂದದ್ದು ಕೇಳಿದೆ: ಸಿನಿಮಾ ನೋಡುತ್ತೀರಾ? ನೋಡುತ್ತಾರಂತೆ. ಆ ನಟನ ಗೂಢಚಾರ ಚಿತ್ರಗಳನ್ನು? ಮೂರನ್ನೂ ನೋಡಿದ್ದಾರಂತೆ. ಯಾವುದು ಇಷ್ಟ?

"ಮೂರನೇದು."

"ಹೀರೋ ಕೆಟ್ಟವ ಆಗ್ತ್ನಲ, ಅದಾ?"

ಅವರು ಕಂಬ ಬಿಟ್ಟು ನನ್ನ ಕಡೆ ತಿರುಗಿದರು. "ಯಾರು ಹೇಳಿದ್ದು ಹಂಗೆ? ನೀ ಪೂರ್ತಿ ನೋಡಿದ್ಯಾ?"

ಒಳಗಿನಿಂದ ಅಪ್ಪಯ್ಯ ಚಿತ್ರ ಬಂತು ಎಂದು ಕೂಗಿದರು. ನನಗೆ ಆ ಮನುಷ್ಯ ಇಷ್ಟವಾದರು. ಮುಚ್ಚಿಟ್ಟು ಬರೆಯುವುದರಲ್ಲಿ ಏನಿದೆ, ಬಹಳ ಇಷ್ಟವಾದರು. ಒಪ್ಪಿಗೆ ಎಂದು ಆಯಿಗೆ ಅವತ್ತೇ ಹೇಳಿದೆ. ಇನ್ನು ಉಳಿದದ್ದು ಮಾವನ ವಿಚಾರಣೆ ಮಾತ್ರ ಎಂದು ಆಯಿ ಅಂದಳು, ನನಗೆ ದೊಡ್ಡಪ್ಪನ ಮಕ್ಕಳ ನೆನಪಾಯಿತು.

ಮಾವ ಯಲ್ಲಾಪುರಕ್ಕೆ ಹೋದ. ಆಚೆಮನೆಯಲ್ಲಿ ಅಡ್ಡಿಲ್ಲೆ ಎಂದರು. ಹುಡುಗನಿಗೆ ಕಲಿಸಿದ ಮಾಸ್ತರರೂ ಅಡ್ಡಿಲ್ಲೆ ಎಂದರು. ಎಲ್ಲರೂ ಒಂದೇ ಮಾತು ಹೇಳಿದ್ದೇ ಮಾವನ ಸಂಶಯಕ್ಕೆ ಕಾರಣವಾಯಿತು. ಅಂಗಡಿಯ ಪಕ್ಕದ ಟೇಲರ್ ಅಂಗಿಗೆ ಗುಂಡಿ ಹಚ್ಚುತ್ತ, ಭಾನುವಾರ ಹುಡುಗ ಅಂಗಡಿ ತೆರೆಯುವುದಿಲ್ಲ, ಕಿರವತ್ತಿ ಕಡೆ ಹೋಗುತ್ತಾನೆ ಎಂದ. ಮಾವ ಮುಂದಿನ ಭಾನುವಾರ ಹುಬ್ಬಳ್ಳಿ ಬಸ್ಸು ಹತ್ತಿ ಕಿರವತ್ತಿಯಲ್ಲಿ ಇಳಿದ. ಹೆದ್ದಾರಿಯ ಬದಿಯ ಧಾಬಾದ ಹಿಂದೆ ಹುಡುಗನ ಎಂ-ಎಯ್ಟಿ ಗಾಡಿ ನಿಂತಿತ್ತು. ಮಾವ ರಸ್ತೆಯಾಚೆಯ ಮರದಡಿ ನಿಂತುಕೊಂಡ. ಬಹಳ ಹೊತ್ತಿನ ಮೇಲೆ ಹುಡುಗ ಅಡುಗೆಕೋಣೆಯ ಹಿಂಬಾಗಿಲಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

ಇಷ್ಟನ್ನು ಮಾವ ಬಾಯಿಯಲ್ಲಿ ಹೇಳಲಿಲ್ಲ, ಚಿತ್ರ ಬರೆದು ತಂದಿದ್ದ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ. ಧಾಬಾ, ಲಾರಿಗಳು, ಒಲೆಯ ಹೊಗೆ, ಹಿಂಬಾಗಿಲು, ಕೈ ಒರೆಸುವ ಹುಡುಗ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ನೋಡಿದರು. ನಮ್ಮಂಥವರ ಮನೆಗಳಲ್ಲಿ ಆ ಕಾಲಕ್ಕೆ ಧಾಬಾ ಎಂದರೆ ಕೋಳಿ, ಮೊಟ್ಟೆ, ಬಾಟಲಿ, ಮೂರೂ ಒಟ್ಟಿಗೆ. ಅಲ್ಲಿ ನೀರು ಕುಡಿದವನೂ ಜನಿವಾರ ಬದಲಾಯಿಸಬೇಕು ಎನ್ನುವವರಿದ್ದರು.

"ಮಾಣಿ ಧಾಬಾಕ್ಕೆ ಹೋಗ್ತ. ಕಣ್ಣಾರೆ ನೋಡಿದ್ದೆ," ಎಂದ ಮಾವ. ಮಾಣಿ ಎಂದರೆ ನಮ್ಮಲ್ಲಿ ಹುಡುಗ. "ಹೋಪ್ದು ಬೇರೆ, ಅಡುಗೆಮನೆವರೆಗೂ ಬಳಕೆ ಇದ್ದು."

ನಾನು ಚಿತ್ರವನ್ನು ಕಸಿದುಕೊಂಡೆ. ಗೆರೆ ತಪ್ಪುವವನಲ್ಲ ನನ್ನ ಮಾವ. ಧಾಬಾದ ಮಾಡಿನ ಮೇಲೆ ಮಗುಚಿದ ಕೊಡೆಯಂಥ ಡಿಶ್ಶನ್ನೂ ಬರೆದಿದ್ದ. ಅದನ್ನು ಬೆರಳಿಟ್ಟು ತೋರಿಸಿ, ರಿಪೇರಿಗೆ ಹೋಗಿರಬಾರದೇ ಎಂದು ಕೇಳಿದೆ.

"ಡಿಶ್ಶು ಮಾಡಿನ ಮೇಲಿದ್ದು. ಮಾಣಿ ಬಂದಿದ್ದು ಅಡುಗೆಮನೆಯಿಂದ. ಉಂಡವ ಕೈ ಒರೆಸ್ಕತ್ತ ತಂಗಿ, ತಂತಿ ಕಟ್ಟಿದವ ಎಂತಕ್ಕೆ ಒರೆಸ್ಕತ್ತ?"

ಅಪ್ಪಯ್ಯ ಕನ್ನಡಕ ತೆಗೆದು ಪೆಟ್ಟಿಗೆಗೆ ಹಾಕಿದರು. "ಈ ಸಂಬಂಧ ಬ್ಯಾಡ," ಎಂದರು. ನಮ್ಮ ಮನೆಯಲ್ಲಿ ಕನ್ನಡಕ ಪೆಟ್ಟಿಗೆಗೆ ಹೋದರೆ ಮಾತು ಮುಗಿದಂತೆ.

ಅವತ್ತು ನಾನು ಮಾವನಿಗೆ ಬಸ್ ಚಾರ್ಜು ದಂಡ, ಬುದ್ಧಿಯೂ ದಂಡ ಎಂದೆಲ್ಲ ಅಂದೆ. ಅವನು ಚಪ್ಪಲಿ ಮೆಟ್ಟಿ ಹೊರಟ. ಅಡುಗೆಮನೆಯಲ್ಲಿ ಆಯಿ ನನ್ನ ಕೈಗೆ ಮಜ್ಜಿಗೆಯ ಲೋಟ ಕೊಟ್ಟು ಕೂರಿಸಿ, "ಅವನ ಮೇಲೆ ಸಿಟ್ಟು ಮಾಡಡ, ಅವ್ನ ಕಥೆ ನಿಂಗೆ ಗೊತ್ತಿಲ್ಲೆ," ಎಂದಳು. ಅದುವರೆಗೆ ಮಾವನಿಗೂ ಒಂದು ಕಥೆಯಿರಬಹುದೆಂದು ನಾನು ಎಣಿಸಿರಲಿಲ್ಲ.

ಮಾವನಿಗೆ ನಿಲ್ಕುಂದದ ಒಂದು ಹುಡುಗಿಯ ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತಂತೆ. ಇವನೂ ಒಪ್ಪಿದ್ದ, ಅವಳೂ ಒಪ್ಪಿದ್ದಳು. ಹುಡುಗಿಯ ಕಡೆಯವರು ವಿಚಾರಣೆಗೆ ಸಿದ್ದಾಪುರಕ್ಕೆ ಬಂದರು. ಚಹದಂಗಡಿಯಲ್ಲಿ ಯಾರೋ, "ಆ ಮಾಸ್ತರಿಗೆ ಫಿಟ್ಸ್ ಬತ್ತು, ಬಸ್‌ಸ್ಟ್ಯಾಂಡಲ್ಲಿ ಬಿದ್ದಿದ್ದು ನೋಡಿದ್ದೆ," ಎಂದರಂತೆ. ಅವರು ಹಾಗೇ ತಿರುಗಿ ಹೋದರು. ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಆ ಮಾತು ಮೂರು ತಾಲೂಕು ತಿರುಗಿತು, ಮತ್ತೆ ಯಾರೂ ಮಾವನಿಗೆ ಹೆಣ್ಣು ಕೊಡಲು ಬರಲಿಲ್ಲ. "ಅವತ್ತು ಜ್ವರ ಬಂದಿತ್ತು, ಬಿಸಿಲಲ್ಲಿ ಬಿದ್ದ. ಫಿಟ್ಸೂ ಇಲ್ಲೆ ಎಂತೂ ಇಲ್ಲೆ," ಎಂದು ಆಯಿ ನನ್ನ ಕೈಯ ಲೋಟ ತೆಗೆದುಕೊಂಡು ನೆಲಕ್ಕೆ ಕುಟ್ಟಿ ಹೇಳಿದಳು. ಆಯಿ ಯಾವುದನ್ನೂ ಅಷ್ಟು ಗಟ್ಟಿಯಾಗಿ ಇಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ. ಆ ಹೊತ್ತಿನ ಸಂಕಟದಲ್ಲಿ ಅದನ್ನು ಅನುಮಾನಿಸುವುದು ಮಾತ್ರ ಮರೆತೆ.

ಮುಂದಿನ ವಾರವೇ ಶಿರಸಿಯ ಗೋಡೆಗಳ ಮೇಲೆ ಮೂರನೆಯ ಚಿತ್ರದ ಪೋಸ್ಟರ್ ಬಿತ್ತು. ಭಾನುವಾರ ಮಾವ ಬಂದ. ನಮ್ಮಿಬ್ಬರಿಗೆ ಮಾತಿಲ್ಲ. ಆದರೂ ಊಟವಾದ ಮೇಲೆ ನಾನೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಅವನು ಹಿಂದೆ ಬಂದ. ಹೋಟೆಲಿನ ಹಿಂಬಾಗಿಲು ಬಂತು, ಗೂಢಚಾರ ಹೊರಗೆ ಬಂದ, ಮೇಲಧಿಕಾರಿ ನೋಡಿದ. ಡಂಯ್. ಮಾವ ಎದ್ದ. ನಾನು ಅವನ ಅಂಗಿಯ ತುದಿ ಹಿಡಿದುಕೊಂಡೆ.

"ಕೂತ್ಕ ಮಾವ. ಇವತ್ತು ಪೂರ್ತಿ ನೋಡಿಯೇ ಹೋಪ್ದು."

"ಬಿಡು ತಂಗಿ."

"ಬಿಡ್ತ್ನಿಲ್ಲೆ."

ಸೋಡಾದವನು ಬಾಟಲಿಗಳ ಮೇಲೆ ಓಪನರ್ ಎಳೆಯುತ್ತ ಬಂದು, ನಮ್ಮನ್ನು ನೋಡಿ ಮುಂದೆ ಹೋದ. ಮಾವ ಕೂತ.

ಇಂಟರ್ವಲ್ ನಂತರದ ಚಿತ್ರ ಬೇರೆಯೇ ಚಿತ್ರ. ಅದರಲ್ಲಿ ಕುಣಿತವಿಲ್ಲ, ಗುಂಡಿನ ಸದ್ದೂ ಕಡಿಮೆ. ಗೂಢಚಾರ ಆ ಹೋಟೆಲಿಗೆ ಹೋದದ್ದು ಶತ್ರುಗಳ ಕೈಗೆ ಸಿಕ್ಕಿದ್ದ ಒಬ್ಬ ಮುದುಕನನ್ನು ಬಿಡಿಸಿ ತರಲು. ಅದು ನೋಡುವ ನಮಗೆ ಗೊತ್ತಾಗುತ್ತದೆ, ಅವನ ಇಲಾಖೆಗೆ ಗೊತ್ತಿಲ್ಲ. ಅವರು ಅವನ ಕ್ಷೌರಿಕನನ್ನು ಕೇಳುತ್ತಾರೆ, ಮನೆಯೊಡತಿಯನ್ನು ಕೇಳುತ್ತಾರೆ, ಹಾಲಿನವನನ್ನು ಕೇಳುತ್ತಾರೆ. ಪ್ರತಿಯೊಬ್ಬರೂ ನಿಜವನ್ನೇ ಹೇಳುತ್ತಾರೆ, ಎಲ್ಲ ನಿಜವೂ ಸೇರಿ ಅವನು ದ್ರೋಹಿ ಎಂದಾಗುತ್ತದೆ. ಮೊದಲನೆಯ ಚಿತ್ರದಲ್ಲಿ ನಾವು ಚಪ್ಪಾಳೆ ತಟ್ಟಿದ ಉಪಾಯಗಳನ್ನೇ ಇಲ್ಲಿ ಅವನ ಮೇಲೆ ಹೂಡುತ್ತಾರೆ. ಬೂಟಿನ ಕೆಸರೂ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ಅಸಲಿ ದ್ರೋಹಿಯನ್ನು ಅವನೇ ಹಿಡಿದು ತಂದು ನಿಲ್ಲಿಸುತ್ತಾನೆ. ಮೇಲಧಿಕಾರಿ ಒಳ್ಳೆಯದು ಎಂದು ಹೊಸ ಕೆಲಸ ಹೇಳುತ್ತಾನೆ. ಗೂಢಚಾರ ಕರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೊರಗೆ ನಡೆಯುತ್ತಾನೆ. ಇಂಥ ಕೊನೆ ಇಟ್ಟರೆ ಯಾರು ನೋಡುತ್ತಾರೆ! ಅರ್ಧ ಜನ ಆಗಲೇ ಕುರ್ಚಿ ಬಡಿದು ಎದ್ದು ಬಸ್ಸಿಗೆ ಓಡಿದ್ದರು. ಮೂರರಲ್ಲಿ ಅದೇ ಒಳ್ಳೆಯದು. ಆ ನಟ ಮತ್ತೆ ಗೂಢಚಾರನಾಗದ್ದಕ್ಕೂ ಅದೇ ಕಾರಣವಿರಬೇಕು ಎಂದು ನನ್ನ ಗುಮಾನಿ.

ಬಸ್‌ಸ್ಟ್ಯಾಂಡಿನ ಅದೇ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ಮಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ, ಅವನ ಚಪ್ಪಲಿಯನ್ನೇ ನೋಡುತ್ತ ಕೇಳಿದೆ.

"ಯಲ್ಲಾಪುರದಲ್ಲಿ ಯಾರ್ಯಾರ ಕೇಳ್ದೆ ಮಾವ?"

"ಆಚೆಮನೆಯವರ. ಮಾಸ್ತರ. ಟೇಲರ."

"ಮಾಣಿಯ?"

ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಮಾಣಿಯನ್ನೇ ಕೇಳುದು ಎಲ್ಲಾದ್ರೂ ಇದ್ದಾ? ಅಂವ ಅವ್ನ ಬಗ್ಗೆ ಅವ್ನೇ ನಿಜ ಹೇಳ್ತ್ನಾ?"

"ನಿನ್ನ ಕೇಳಿದ್ರೆ ನೀ ಎಂತ ಹೇಳ್ತಿದ್ದೆ?"

ಮಾವ ನನ್ನನ್ನು ನೋಡಿದ. ಆಯಿ ಹೇಳಿದ್ದಾಳೆ ಎಂದು ಅವನಿಗೆ ತಿಳಿಯಿತು. ಸಿದ್ದಾಪುರದ ಬಸ್ಸು ಬಂತು. ಯಾವಾಗಲೂ ಹತ್ತುವ ಮೊದಲು ಚಕ್ರದಿಂದ ಹಿಡಿದು ಡ್ರೈವರ್‌ನವರೆಗೆ ಪರೀಕ್ಷೆ ಮಾಡುವವನು ಅವತ್ತು ಸುಮ್ಮನೆ ಹತ್ತಿ ಕೂತ. ಹೆಚ್ಚು ಮಾತಾಡಿದೆ ಎಂದುಕೊಂಡು ಬಸ್ಸು ತಿರುವು ದಾಟುವವರೆಗೆ ಅಲ್ಲೇ ನಿಂತೆ. ಅವನು ಬರಲಾರ ಎನಿಸಿದರೂ ಮಾರನೆಯ ಭಾನುವಾರ ಬೆಳಗಿನ ಬಸ್ಸಿಗೆ ಬಾಗಿಲು ಕಾದೆ.

ಮಾವ ಬಂದದ್ದು ಅವತ್ತು ಸಂಜೆಗೆ, ಹುಬ್ಬಳ್ಳಿ ಕಡೆಯ ಬಸ್ಸಿನಿಂದ. ಆಸರಿಗೆ ಮಜ್ಜಿಗೆ ಕುಡಿದು, ಜಗಲಿಯಲ್ಲಿ ಕೂತ ಅಪ್ಪಯ್ಯನ ಎದುರಿಗೆ ನಿಂತು, ಶಾಲೆಯಲ್ಲಿ ವರದಿ ಒಪ್ಪಿಸುವವನಂತೆ ಹೇಳಿದ. "ಕಿರವತ್ತಿಗೆ ಹೋಗಿದ್ದೆ. ಮಾಣಿಯನ್ನೇ ಕೇಳ್ದೆ. ಧಾಬಾದವ್ರ ಟಿವಿ ಅಡುಗೆಮನೆ ಗೋಡೆಗೆ ತಾಗಿ ಇದ್ದು, ಹೊಗೆ ಹಿಡಿದು ವಾರವಾರ ಕೆಡ್ತು. ಅದ್ನ ಬಿಚ್ಚಿ ತೊಳ್ದು ಕೊಡ್ತ. ಕೈಗೆ ಮಸಿ ಆಗ್ತು. ಕೆಲ್ಸ ಮುಗಿದ್ಮೇಲೆ ಅಲ್ಲೇ ರೊಟ್ಟಿ ತಿಂತ. ಮುಚ್ಚಿಟ್ಟಿದ್ನಿಲ್ಲೆ."

"ರೊಟ್ಟಿ ತಿಂತ್ನಡಾ?" ಎಂದು ಅಪ್ಪಯ್ಯ ಹುಬ್ಬು ಗಂಟಿಕ್ಕಿದರು.

"ತಿಂತ. ಆದ್ರೆ ಸುಳ್ಳು ಹೇಳ್ತ್ನಿಲ್ಲೆ. ಇಷ್ಟು ವರ್ಷ ಇಷ್ಟು ಊರು ತಿರುಗಿದ್ದೆ ಭಾವ, ಅಂಥ ಮಾಣಿ ಯಂಗೆ ಸಿಕ್ಕಿದ್ನಿಲ್ಲೆ. ಅವಂಗೆ ಕೂಸಿನ ಕೊಡು."

ಅಪ್ಪಯ್ಯ ಬಹಳ ಹೊತ್ತು ಕನ್ನಡಕದ ಪೆಟ್ಟಿಗೆ ತೆಗೆದು ಮುಚ್ಚಿ ಮಾಡಿದರು. ನಾನು ಬಾಗಿಲ ಸಂದಿನಲ್ಲಿ ನಿಂತು ಮಾವನನ್ನು ಅವನ ವಿದ್ಯೆಯಿಂದಲೇ ಪರೀಕ್ಷಿಸುತ್ತಿದ್ದೆ. ಬಿಳಿ ಅಂಗಿಯ ತೋಳಿನ ಅಂಚಿನಲ್ಲಿ ಅರಿಶಿನದ ಕಲೆ ಇತ್ತು, ದಾಲಿನದು. ಧಾಬಾದ ನೀರನ್ನೂ ಮುಟ್ಟದ ಮನುಷ್ಯ ಅಲ್ಲಿ ಕೂತು ಉಂಡು ಬಂದಿದ್ದ. ನಾನು ನೋಡಿದ್ದನ್ನು ನೋಡಿ ಅವನು ತೋಳು ಮಡಚಿಕೊಂಡ.

ಮದುವೆಯಾಯಿತು. ಯಲ್ಲಾಪುರಕ್ಕೆ ಬಂದ ಮೇಲೆ ಇವರಿಂದ ಗೊತ್ತಾಯಿತು: ಅವತ್ತು ಇವರು ಮಾವನಿಗೆ, ರೊಟ್ಟಿಯ ಜೊತೆ ಒಂದು ಸಲ ಆಮ್ಲೆಟ್ಟನ್ನೂ ತಿಂದಿದ್ದೇನೆ ಎಂದು ಹೇಳಿದ್ದರಂತೆ. ಮಾವ ರೊಟ್ಟಿಯನ್ನು ವರದಿ ಮಾಡಿ ಆಮ್ಲೆಟ್ಟನ್ನು ನುಂಗಿದ್ದ. ಅಪ್ಪಯ್ಯನಿಗೆ ಅದು ಕೊನೆಯವರೆಗೂ ತಿಳಿಯಲಿಲ್ಲ. ಮಾವ ಆಮೇಲೆ ಯಾರ ವಿಚಾರಣೆಗೂ ಹೋಗಲಿಲ್ಲ. ಕೇಳಿದರೆ, "ಮಿಡಿ ಎಲ್ಲೂ ಸಿಕ್ತಿಲ್ಲೆ," ಎನ್ನುತ್ತಿದ್ದ. ರಜೆಯಲ್ಲಿ ನಮ್ಮಲ್ಲಿಗೆ ಬಂದರೆ ಇವರು ಸಿ.ಡಿ. ತಂದು ಹಾಕುತ್ತಿದ್ದರು. ಮೂರನೆಯದನ್ನೇ ಹಾಕು ಎನ್ನುತ್ತಿದ್ದ. ಇಂಟರ್ವಲ್‌ಗೆ ಏಳುತ್ತಿರಲಿಲ್ಲ.

ಮಾವ ತೀರಿಹೋದ ಮರುವರ್ಷ, ಒಂದು ಮಧ್ಯಾಹ್ನ ಟಿವಿಯಲ್ಲಿ ಆ ಚಿತ್ರ ಬಂತು. ಮಗಳು ಶಾಲೆಗೆ ಹೋಗಿದ್ದಳು. ನಾವಿಬ್ಬರೇ ನೋಡುತ್ತಿದ್ದೆವು. ಹಾಲಿನವನನ್ನು ವಿಚಾರಿಸುವ ದೃಶ್ಯದಲ್ಲಿ ನನಗೆ ಅಳು ಬಂತು. ಎಂಥ ಅನ್ಯಾಯ, ಮಾವನಿಗೆ ಫಿಟ್ಸ್ ಎಂದು ಯಾರೋ ಸುಳ್ಳು ಹೇಳಿದರು, ಒಂದು ಸುಳ್ಳಿಗೆ ಇಡೀ ಬದುಕು ಹೋಯಿತು ಎಂದೆ.

"ಸುಳ್ಳಲ್ಲ ಅದು," ಎಂದರು ಇವರು.

ನಾನು ಟಿವಿಯ ಸದ್ದು ಕಡಿಮೆ ಮಾಡಿದೆ. ಅವತ್ತು ಕಿರವತ್ತಿಯಲ್ಲಿ ಮಾವ ತನ್ನ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿದ ಮೇಲೆ, ಇವರೂ ಒಂದು ಪ್ರಶ್ನೆ ಕೇಳಿದ್ದರಂತೆ: ನೀವು ಯಾಕೆ ಮದುವೆಯಾಗಲಿಲ್ಲ? ಮಾವ ರೊಟ್ಟಿಯ ತುಂಡು ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದನಂತೆ. ಚಿಕ್ಕಂದಿನಿಂದ ಆಗೀಗ ಫಿಟ್ಸ್ ಬರುತ್ತಿತ್ತು. ಮನೆಯಲ್ಲಿ ಯಾರೂ ಬಾಯಿಬಿಡಬಾರದೆಂದು ಅಜ್ಜನ ಕಟ್ಟಪ್ಪಣೆಯಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಬಿದ್ದದ್ದೇ ಕೊನೆಯದು, ಮತ್ತೆ ಬರಲಿಲ್ಲ. ಆ ಹುಡುಗಿಗೆ ಮದುವೆಗೆ ಮೊದಲು ತಾನೇ ಹೇಳಬೇಕೆಂದಿದ್ದ. "ಕೇಳಿದ್ರೆ ಹೌದು ಹೇಳ್ತಿದ್ದೆ. ಯನ್ನ ಯಾರೂ ಕೇಳಿದ್ವಿಲ್ಲೆ. ನೀನೇ ಮೊದಲು ಕೇಳಿದ್ದು," ಎಂದು ಹೇಳಿ ಅತ್ತನಂತೆ. ಚಹ ತಂದ ಧಾಬಾದವನು, "ಯಾಕ್ರೀ ಮಾಸ್ತರ, ಖಾರ ಹೆಚ್ಚಾತೇನ್ರಿ?" ಎಂದು ಕೇಳಿದನಂತೆ. ಹೂಂ ಎಂದು ಮಾವ ದಾಲು ಮೆತ್ತಿದ ಬೆರಳಿನಲ್ಲೇ ಅಂಗಿಯ ತೋಳು ಹಿಡಿದು ಕಣ್ಣೊರೆಸಿಕೊಂಡನಂತೆ.

ತೋಳಿನ ಕಲೆಯನ್ನು ನಾನು ಕಂಡಿದ್ದೆ. ದಾಲಿನದು ಎಂದು ಬಗೆಹರಿಸಿ ಬಿಟ್ಟಿದ್ದೆ.

ಟಿವಿಯಲ್ಲಿ ಗೂಢಚಾರ ಕನ್ನಡಕವನ್ನು ಮೇಜಿನ ಮೇಲೆ ಇಡುತ್ತಿದ್ದ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇಂಥ ಮಾತನ್ನು ಮುಚ್ಚಿಟ್ಟ ಮನುಷ್ಯನನ್ನು ಏನೆಂದು ನಂಬುವುದು? ಮಾವ ಹೇಳಬೇಡ ಎಂದಿದ್ದನೋ? ಆಯಿ ಹೇಳಬೇಡ ಎಂದಿದ್ದಳೋ? ಅವತ್ತು ಅಷ್ಟು ದೂರ ಹೋಗಿ ಬಂದವನಿಗೆ ಏನಾಯಿತು ಎಂದು ನಾನು ಆಯಿಯನ್ನು ಕೇಳಿದ್ದೆ, ಅಪ್ಪಯ್ಯನನ್ನು ಕೇಳಿದ್ದೆ, ಆ ಟೇಲರನನ್ನು ಸಹ ಒಮ್ಮೆ ಮಾತಿಗೆಳೆದಿದ್ದೆ.

"ಇಷ್ಟು ದಿನ ಎಂತಕ್ಕೆ ಹೇಳಿದ್ರಿಲ್ಲೆ ನಂಗೆ?" ಎಂದೆ.

ಇವರು ರಿಮೋಟು ತೆಗೆದುಕೊಂಡು ಟಿವಿ ಆರಿಸಿದರು.

"ನೀ ನನ್ನ ಕೇಳಿದ್ದೇ ಇಲ್ಲೆ," ಎಂದರು.